ಸಯಾಟಿಕಾದ ಸುರ

ಕೂಗಿಕೊಳ್ಳುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರು ಹಲ್ಲು ಕಚ್ಚಿ ನೋವು ನುಂಗುತ್ತಾರಂತೆ. ನನಗೋ, ಬೆರಳಿಗೆ ಸೂಜಿ ಚುಚ್ಚಿದರೂ ಓಣಿಗೆಲ್ಲ ತಿಳಿಯಬೇಕು. ಇಂಥವನಿಗೆ ಸಯಾಟಿಕಾ ಬಂದರೆ ಕೇಳಬೇಕೆ? ಧಾರವಾಡ ಬಿಟ್ಟು ಬಂದು ಪುಣೆಯ ಕೋಥರೂಡದಲ್ಲಿ ಸೀರೆ ಅಂಗಡಿ ಹಾಕಿದವನು ನಾನು. ಹದಿನೈದು ವರ್ಷ ಗಾದಿಯ ಮೇಲೆ ಕಾಲು ಮಡಚಿ ಕೂತು ಇಳಕಲ್ ಸೀರೆ ಬಿಚ್ಚಿ ತೋರಿಸಿದ್ದಕ್ಕೆ, ತೊಂಬತ್ತರ ದಶಕದ ಕೊನೆಗೆ ಸೊಂಟದಿಂದ ಎಡ ಹಿಮ್ಮಡಿಯವರೆಗೆ ಒಂದು ನರ ಸೆಟೆದು ನಿಂತಿತು. ನಾನು ನಿಂತುಕೊಂಡು ಸೀರೆ ತೋರಿಸಿದರೆ, ಅಂಗಡಿ ಮುಚ್ಚುವ ಹೊತ್ತಾಯಿತೆಂದು ಗಿರಾಕಿಗಳೂ ಎದ್ದುಬಿಡುತ್ತಿದ್ದರು. ವ್ಯಾಪಾರ ಉಳಿಯಬೇಕಾದರೆ ಕಾಲು ಮಡಚಲೇಬೇಕಿತ್ತು.

ಡಾಕ್ಟರು ಗುಳಿಗೆ ಬರೆದು, ಬಲ್ಲವರಿಂದ ಮಾಲೀಸು ಮಾಡಿಸಿ ಎಂದರು. ನನ್ನ ಹೆಂಡತಿ ಶಾರದಾ ಒಬ್ಬ ವಸ್ತಾದರನ್ನು ಹುಡುಕಿದಳು. ಜತ್ತ ಕಡೆಯ ಕನ್ನಡದವರು, ತಾಲೀಮಿನ ಗರಡಿಯಲ್ಲಿ ಕುಸ್ತಿ ಕಲಿಸುವವರು. ಬೆಳಿಗ್ಗೆ ಸಂಜೆ ಅವರಿಗೆ ಬಿಡುವಿಲ್ಲ. ವಾರಕ್ಕೆರಡು ದಿನ, ಮಧ್ಯಾಹ್ನ ಒಂದೂವರೆಗೆ ನಮ್ಮ ಮನೆಗೆ ಬರುತ್ತಿದ್ದರು. ಪುಣೆಯಲ್ಲಿ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ, ಊರು ಮಲಗಿರುತ್ತದೆ. ನಾನೂ ಬಾಯಿ ಮುಚ್ಚಿಕೊಳ್ಳಲು ನೋಡಿದೆ. ಆದರೆ ವಸ್ತಾದರ ಶಾಸ್ತ್ರವೇ ಬೇರೆ.

"ಒದರ್ರಿ ಸಾವಕಾರ್ರ! ಒದರಲಿಲ್ಲಂದ್ರ ನರ ಸಿಕ್ಕಿಲ್ಲಂತ ಅರ್ಥ," ಎನ್ನುವರು. ಸುಮ್ಮನಿದ್ದರೆ ಹೆಬ್ಬೆರಳು ತೆಗೆದು ಮೊಣಕೈ ಊರುವರು. ಹೀಗಾಗಿ ಒದರಿದೆ.

ಮೂರನೆಯ ವಾರ ಮೆಟ್ಟಿಲ ಬಳಿ ಚೆಂದದ ಅಕ್ಷರದ ಒಂದು ಫಲಕ ತೂಗಿತು: "ಕಿರುಚುವವರು ಎರಡನೆಯ ಮಹಡಿಯವರು. ಅವರು ಸಾಯುತ್ತಿಲ್ಲ. ನಮ್ಮ ಬಾಗಿಲು ತಟ್ಟಿ ವಿಚಾರಿಸಬಾರದು." ಬರೆದವರು ಕೆಳಗಿನ ಮನೆಯ ಲೇಲೆ, ನಿವೃತ್ತ ಮಾಸ್ತರರು. ಮರುವಾರ ಅವರೇ ಮೇಲೆ ಬಂದರು. ನಾನು ಬೋರಲು ಬಿದ್ದಲ್ಲಿಂದಲೇ ನಿದ್ದೆ ಕೆಡಿಸಿದ್ದಕ್ಕೆ ಕ್ಷಮೆ ಕೇಳಿದೆ.

"ನಿದ್ದೆ ಹಾಳಾಗಲಿ," ಎಂದರು ಮರಾಠಿಯಲ್ಲಿ, ಕಣ್ಣಲ್ಲಿ ನೀರು ತುಂಬಿ. "ಧಾರವಾಡದವರಾಗಿ ಇಷ್ಟು ಸುರ ತಪ್ಪಿ ಕೂಗುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ?"

ಧಾರವಾಡದಲ್ಲಿ ಹುಟ್ಟಿದವರೆಲ್ಲ ಗವಾಯಿಗಳೆಂದು ನಂಬಿದ ಜೀವ ಅದು. ಶಾಲೆಯ ಪ್ರಾರ್ಥನೆಯಲ್ಲಿ ಬರೀ ಬಾಯಿ ಆಡಿಸು ಎಂದು ನನಗೆ ಹೇಳಿದ್ದರು ಎಂಬುದನ್ನು ಅವರೆದುರು ಹೇಗೆ ಹೇಳಲಿ? ಲೇಲೆ ತಮ್ಮ ಹಾರ್ಮೋನಿಯಂ ತಂದು ನನ್ನ ತಲೆಯ ಹತ್ತಿರ ಇಟ್ಟರು. ಅವರು ಷಡ್ಜ ಒತ್ತುವುದು, ವಸ್ತಾದರು ಕಾಲು ಒತ್ತುವುದು, ನಾನು "ಆ" ಎನ್ನುವುದು. ಸುರ ತಪ್ಪಿದರೆ ಲೇಲೆ ತಲೆಯಾಡಿಸುವರು, ವಸ್ತಾದರು ಮತ್ತೆ ಒತ್ತುವರು. ಶಾರದಾ ಅಡಿಗೆಮನೆ ಬಾಗಿಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು, "ಊರ ಮರ್ಯಾದಿ ಎಲ್ಲಾ ನಿಮ್ಮ ಕಾಲಾಗ ಅದ ನೋಡ್ರಿ," ಎಂದಳು.

ಎರಡು ತಿಂಗಳಲ್ಲಿ ಸುರ ಹತ್ತಿತು. ಕಾಲೂ ಮಡಚಿತು! ಒಂದು ದಿನ ಬೆಳಗಿನಿಂದ ಒಂದರವರೆಗೆ ಗಾದಿಯ ಮೇಲೆ ಕೂತೇ ವ್ಯಾಪಾರ ಮಾಡಿದೆ. ಎಂಥ ಸುಖ ಅಂತೀರಿ! ಅದನ್ನು ಹೇಳೋಣವೆಂದು ಮನೆಗೆ ಬಂದರೆ, ಲೇಲೆ ತಮ್ಮ ಗೆಳೆಯರಿಬ್ಬರನ್ನು ಕೂರಿಸಿಕೊಂಡಿದ್ದರು. ನನ್ನನ್ನು ಕೇಳಲಿಕ್ಕೆಂದೇ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದವರು. ಪುಣೆಯಲ್ಲಿ ಇದಕ್ಕಿಂತ ದೊಡ್ಡ ತ್ಯಾಗವಿಲ್ಲ. ಸುಮ್ಮನೆ ಮಲಗಿದೆ. ಷಡ್ಜ ಹೊರಟಿತು. ವಸ್ತಾದರು ಒತ್ತಿದರು. ನೋವಿಲ್ಲ, ಬಾಯಿಂದ ಗಾಳಿ ಬಿಟ್ಟು ಏನೂ ಬರಲೊಲ್ಲದು. ಮೊಣಕೈ ಊರಿದರು. ಊಹೂಂ.

"ಸಾವಕಾರ್ರ, ನರ ಬಿಟ್ಟೈತಿ. ಎಡಗಾಲಾಗ ಇನ್ನ ಏನೂ ಉಳದಿಲ್ಲ," ಎಂದು ವಸ್ತಾದರು ಕಿವಿಯಲ್ಲಿ ಪಿಸುಗುಟ್ಟಿದರು.

ಗೆಳೆಯರಲ್ಲೊಬ್ಬರು ಚಪ್ಪಲಿ ಹುಡುಕುತ್ತ, "ಧಾರವಾಡದವರು ಅಂದಿದ್ದಿರಲ್ಲ?" ಎಂದು ಲೇಲೆಯವರನ್ನು ಕೇಳಿದರು. ಲೇಲೆ ತಲೆ ತಗ್ಗಿಸಿದರು.

ನನಗೆ ತಡೆಯಲಾಗಲಿಲ್ಲ. "ವಸ್ತಾದ್ರ, ಬಲಗಾಲು ಹಿಡೀರಿ," ಎಂದೆ.