ಮುಖ ನೋಡಿ ಕೊಟ್ಟ ಟಿಕೆಟ್

ಮನೆ ಬಿಡುವ ಮೊದಲು ಪ್ರೆಸಿಲ್ಲಾ ಡೈರಿಯಲ್ಲಿ ಎರಡೇ ಸಾಲು ಬರೆದಳು: 'ನನ್ನ ಮುಖ ಪರದೆಯಿಲ್ಲದ ಕಿಟಕಿ. ಒಳಗಿರುವುದೆಲ್ಲ ದಾರಿಹೋಕರಿಗೂ ಕಾಣುತ್ತದೋ ಎಂದು ಭಯ.'

ಭಯಕ್ಕೆ ಕಾರಣವಿತ್ತು. ಬಿ.ಎ. ಮುಗಿದು ಎರಡು ವರ್ಷ. ಹಿಂದಿನ ಎರಡು ಸಂದರ್ಶನಗಳಲ್ಲಿ ಕೆಲಸ ಸಿಗದಿದ್ದಾಗ ಅರ್ಧ ಕಾಪು ಪೇಟೆಯೇ ಮನೆಗೆ ಬಂದು, ಸತ್ತ ಮನೆಗೆ ಬಂದಂತೆ ಮುಖ ಸಣ್ಣದು ಮಾಡಿ, ಚಾ ಕುಡಿದು ಹೋಗಿತ್ತು. ಇವತ್ತು ಹತ್ತೂವರೆಗೆ ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಮೂರನೆಯದು. ಮನೆಯಲ್ಲಿಯೂ ಹೇಳದೆ, ಎಂದಿನಂತೆ ಉಡುಪಿಯ ಟೈಪಿಂಗ್ ಕ್ಲಾಸಿಗೆಂದೇ ಹೊರಟಿದ್ದಳು. ಅದೇ ಬಸ್ಸು ಉಡುಪಿ, ಮಣಿಪಾಲ ದಾಟಿ ಕಾರ್ಕಳಕ್ಕೂ ಹೋಗುತ್ತಿತ್ತು. ಉಡುಪಿಯಲ್ಲಿ ಸೀಟು ಬಿಟ್ಟು ಏಳದಿದ್ದರಾಯಿತು, ಅಷ್ಟೆ.

ಆದರೆ ಬಸ್ಸಿನಲ್ಲಿ ಕಂಡಕ್ಟರ್ ಸುಂದರನಿದ್ದ. ಎಲ್ಲಿಗೆಂದು ಅವನು ಯಾರನ್ನೂ ಕೇಳುತ್ತಿರಲಿಲ್ಲ. ಮುಖ ನೋಡುತ್ತಿದ್ದ, ಟಿಕೆಟ್ ಹರಿಯುತ್ತಿದ್ದ. ಪ್ರೆಸಿಲ್ಲಾ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಉಡುಪಿಯ ಟಿಕೆಟ್ ಅವಳ ಕೈಯಲ್ಲಿತ್ತು.

ಎದುರಿನ ಸೀಟಿನ ಕಪ್ಪು ಕೋಟಿನ ಹಿರಿಯರು ಕನ್ನಡಕ ಮೇಲೇರಿಸಿದರು. "ಅವರು ಎಲ್ಲಿಗೆಂದು ಹೇಳಲೇ ಇಲ್ಲವಲ್ಲ?"

"ಹೇಳ್ಬೇಕಂತ ಇಲ್ಲ ಸಾರ್. ಮುಖ ನೋಡಿದ್ರೆ ಮನಸ್ಸಿನಲ್ಲಿ ಎಂತ ಉಂಟೂಂತ ನನಗೆ ಗೊತ್ತಾಗ್ತದೆ."

"ಸುಳ್ಳು. ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಮಕ್ಕಳ ತಲೆಯೊಳಗೆ ಎಂತ ಉಂಟೆಂದು ನನಗೆ ಇವತ್ತಿಗೂ ತಿಳಿದಿಲ್ಲ."

"ಒಳಗೆ ಎಂತಾದ್ರೂ ಇದ್ರಲ್ವಾ ಸಾರ್ ತಿಳಿಯುವುದು!"

ಬಸ್ಸಿಡೀ ನಕ್ಕಿತು. ಹಿರಿಯರ ಮುಖ ಕೆಂಪಾಯಿತು. "ನಿನ್ನ ಲೆಕ್ಕ ತಪ್ಪಿದರೆ?"

"ಈ ಬಾಯಮ್ಮ ಉಡುಪಿಯಲ್ಲಿ ಇಳಿಯದಿದ್ರೆ ಈ ಮೀಸೆ ಬೋಳಿಸ್ತೇನೆ!"

"ಇಳಿದರೆ, ನಾನೂ ಇವತ್ತಿನಿಂದ ಮುಖ ನೋಡಿಯೇ ಕೆಲಸ ಮಾಡುತ್ತೇನೆ."

ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ ಎರಡು ಸೀಗಡಿಗಳಂತಿದ್ದ ಆ ಮೀಸೆಯನ್ನು ಪ್ರೆಸಿಲ್ಲಾ ನೋಡಿದಳು. ಪಕ್ಕದಲ್ಲಿ ಮಲ್ಲಿಗೆ ಬುಟ್ಟಿ ಹಿಡಿದು ಕುಳಿತಿದ್ದ ಅಕ್ಕು ಅವಳ ಕಿವಿಗೆ ಬಗ್ಗಿದಳು. "ಬರುವ ಆದಿತ್ಯವಾರ ಸುಂದರನಿಗೆ ಹೆಣ್ಣು ನೋಡ್ಲಿಕ್ಕುಂಟು ಬಾಯಮ್ಮ. ಮೀಸೆ ಹೋದ್ರೆ ಆ ಮುಖದಲ್ಲಿ ಮತ್ತೆ ಎಂತ ಉಂಟು ನೋಡ್ಲಿಕ್ಕೆ?"

ಉದ್ಯಾವರ ದಾಟಿತು. ಉಡುಪಿ ಬಂತು. ಇಡೀ ಬಸ್ಸು ಫೋಟೋಕ್ಕೆ ನಿಂತಂತೆ ಉಸಿರು ಹಿಡಿದು ಅವಳನ್ನೇ ನೋಡಿತು.

ಪ್ರೆಸಿಲ್ಲಾ ಇಳಿದಳು.

ಒಳಗೆ ಚಪ್ಪಾಳೆಯೆದ್ದಿತು. ಗದ್ದಲದಲ್ಲಿ ಹಿಂಬಾಗಿಲಿನಿಂದ ಮತ್ತೆ ಹತ್ತಿಕೊಳ್ಳೋಣವೆಂದು ಅವಳು ಬಸ್ಸಿನ ಹಿಂದೆ ಸರಿದದ್ದೇ ತಡ, ಗೆದ್ದ ಉತ್ಸಾಹದಲ್ಲಿ ಸುಂದರ ಎಂದಿಗಿಂತ ಉದ್ದಕ್ಕೆ ಸೀಟಿ ಊದಿದ. ಬಸ್ಸು ಮಣಿಪಾಲದ ಕಡೆಗೆ ಹೊರಟೇ ಹೋಯಿತು.

ಮುಂದಿನ ಬಸ್ಸಿಗೆ ಕಾಯುತ್ತಿದ್ದಾಗ ಟೈಪಿಂಗ್ ಮಾಸ್ಟರ್ ಲಿಗೋರಿ ಸೈಕಲ್ ನಿಲ್ಲಿಸಿದರು. "ಎಂತ ಪ್ರೆಸಿಲ್ಲಾ, ಕ್ಲಾಸಿಗೆ ತಡವಾಯ್ತೂಂತ ಹೆದರಿ ನಿಂತದ್ದಾ? ಮುಖವೇ ಹೇಳ್ತದೆ. ನಾನು ಬಯ್ಯುವುದಿಲ್ಲ, ಬಾ ಬಾ!"

ಅವಳ ಕತ್ತು ಹೌದೆಂದು ತನ್ನಷ್ಟಕ್ಕೇ ಆಡಿತು. ಮುಂದಿನ ಒಂದು ಗಂಟೆ ಅವಳು 'ತಮ್ಮ ಪತ್ರ ತಲುಪಿತು' ಎಂದು ಮೂವತ್ತಾರು ಸಲ ಇಂಗ್ಲಿಷಿನಲ್ಲಿ ಟೈಪು ಮಾಡಿದಳು.

ಕಾರ್ಕಳದ ಹೈಸ್ಕೂಲು ಮುಟ್ಟುವಾಗ ಹನ್ನೆರಡಾಗಿತ್ತು. ವರಾಂಡದ ಬೆಂಚುಗಳು ಖಾಲಿ. ಶಾಲೆಯ ಮ್ಯಾನೇಜರರ ಕೋಣೆಯ ಬಾಗಿಲು ತಳ್ಳಿದಳು. ಮೇಜಿನ ಹಿಂದೆ ಅದೇ ಕಪ್ಪು ಕೋಟು!

"ಓ, ನೀವಾ!" ಹಿರಿಯರು ಎದ್ದೇ ನಿಂತರು. "ನಿಮ್ಮಿಂದ ನನಗೆ ದೊಡ್ಡ ಉಪಕಾರವಾಯಿತು. ಹನ್ನೊಂದು ಮಂದಿ ಬಂದಿದ್ದರು. ಸಾಯಂಕಾಲದವರೆಗೆ ಪ್ರಶ್ನೆ ಕೇಳಬೇಕಿತ್ತು. ಆ ಕಂಡಕ್ಟರನ ಹಾಗೆ ಬರೇ ಮುಖ ನೋಡಿದೆ, ಒಬ್ಬರಿಗೆ ಕೆಲಸದ ಆರ್ಡರ್ ಬರೆದುಕೊಟ್ಟೆ. ಹತ್ತೇ ನಿಮಿಷ!"

ಪ್ರೆಸಿಲ್ಲಾ ಸಂದರ್ಶನದ ಕಾಗದವನ್ನು ಮೇಜಿನ ಮೇಲಿಟ್ಟಳು. ಅವರು ಅದನ್ನು ಮುಟ್ಟಲೂ ಇಲ್ಲ. ಕನ್ನಡಕ ಮೇಲೇರಿಸಿ ಅವಳ ಮುಖವನ್ನೇ ದಿಟ್ಟಿಸಿದರು.

"ಗೊತ್ತಾಯಿತು. ಕೆಲಸದ ಆಸೆ ನಿಮಗಿಲ್ಲ. ಮನೆಯವರ ಒತ್ತಾಯಕ್ಕೆ ಬಂದವರು ನೀವು. ಸರಿ ಅಲ್ವಾ?"

ಅಭ್ಯಾಸಬಲದಿಂದ ಅವಳ ಕತ್ತು ಆಡಲು ಹೊರಟಿತು. ಅರ್ಧದಲ್ಲಿ ನಿಂತಿತು.

"ತಪ್ಪು ಸಾರ್," ಎಂದಳು ಪ್ರೆಸಿಲ್ಲಾ. ಸ್ವರ ವರಾಂಡದವರೆಗೂ ಕೇಳಿತು. "ಬೆಳಿಗ್ಗೆ ನನಗೆ ಉಡುಪಿಯಲ್ಲಿ ಇಳಿಯಲಿಕ್ಕೇ ಇರಲಿಲ್ಲ."