ಅತ್ತೆಯ ಕೈ ಮೇಲೆ ಬಿದ್ದ ಬಿಸಿಲು

ಹರಿಹರನ ಭಾನುವಾರ ಹಾಳಾದದ್ದು ಒಂದು ಸೌಟಿನಿಂದ.

ಮದ್ರಾಸಿನ ಬೆಸೆಂಟ್ ನಗರದ ತನ್ನ ಫ್ಲಾಟಿನ ಗೋಡೆಗೆ ಬೆಳಿಗ್ಗೆ ಮೊಳೆ ಹೊಡೆದು, ತಾನೇ ಮಾಡಿದ ಎಚ್ಚಿಂಗ್ ಒಂದನ್ನು ತೂಗುಹಾಕಿದ. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಸಿಡ್ಡಿಗೆ ಅದ್ದಿ, ಶಾಯಿ ತುಂಬಿ ಕಾಗದಕ್ಕೆ ಒತ್ತಿದ ಚಿತ್ರ. ಇನ್ಶೂರೆನ್ಸ್ ಆಫೀಸು ಮುಗಿಸಿ ಸಂಜೆ ಕ್ಲಾಸಿಗೆ ಹೋಗಿ ಕಲಿತ ವಿದ್ಯೆ. ಚಿತ್ರದಲ್ಲಿದ್ದದ್ದು ನಂಜನಗೂಡಿನ ಹತ್ತಿರದ ಹಳ್ಳಿಯ ಅತ್ತೆಮನೆಯ ಅಡುಗೆಕೋಣೆ. ಸುತ್ತ ಮಸಿ ಹಿಡಿದ ಕತ್ತಲು, ಮಾಡಿನ ಬೆಳಕಿಂಡಿಯಿಂದ ಓರೆಯಾಗಿ ಇಳಿದ ಬಿಸಿಲುಕೋಲು. ಅದು ನೇರ ಹೋಗಿ ಬೀಳುವುದು ಸೌಟಿನಿಂದ ಸಾರು ಬಡಿಸುತ್ತಿರುವ ಅತ್ತೆಯ ಕೈ ಮೇಲೆ.

ಅತ್ತೆ ನಾಗರತ್ನಮ್ಮ ಅಳಿಯನನ್ನು ಇದುವರೆಗೆ ಒಂದು ಸಲವೂ ಹೊಗಳಿದವರಲ್ಲ. ಇವತ್ತು ಮಧ್ಯಾಹ್ನದ ರೈಲಿಗೆ ಬರುತ್ತಾರೆ, ಇದನ್ನು ನೋಡುತ್ತಾರೆ, ಹೊಗಳದೆ ಎಲ್ಲಿ ಹೋಗುತ್ತಾರೆ! ಹೆಂಡತಿ ಕೋಮಲಾ ಅವರನ್ನು ಕರೆತರಲು ಸೆಂಟ್ರಲ್ ಸ್ಟೇಷನ್ನಿಗೆ ಹೊರಟಳು.

ಅವಳು ಅತ್ತ ಹೋದದ್ದೇ ಎದುರುಮನೆಯ ಲೀಲಮ್ಮ ಇತ್ತ ಒಳಗೆ ಬಂದರು. ಮದ್ರಾಸಿನಲ್ಲೇ ತಲೆ ನೆರೆತ ಅವರ ಕನ್ನಡಕ್ಕೆ ತಮಿಳಿನ ಒಗ್ಗರಣೆ ಬಿದ್ದಿತ್ತು.

“ಅಯ್ಯಯ್ಯೋ, ಎನ್ನಪ್ಪಾ ಹರಿಹರ ಇದು? ಎಡಗೈಲಿ ಬಡಿಸ್ತಿದಾರೆ!”

ಹರಿಹರ ಹತ್ತಿರ ಹೋಗಿ ನೋಡಿದ. ಹೌದು, ಎಡಗೈಯೇ. ತಗಡಿನ ಮೇಲೆ ಬಲಗೈ ಬರೆದರೆ ಕಾಗದದ ಮೇಲೆ ಕನ್ನಡಿಯಲ್ಲಿನಂತೆ ಎಡಗೈ ಮೂಡುತ್ತದೆ ಎಂದು ಕ್ಲಾಸಿನ ಮೇಷ್ಟ್ರು ಬಡಕೊಂಡಿದ್ದರು; ಇವನು ಮರೆತಿದ್ದ. ಬೆಳಕಿಂಡಿ ಆ ಕಡೆಯದು ಈ ಕಡೆ ಬಂದರೆ ಯಾರೂ ಕೇಳುವುದಿಲ್ಲ. ಆದರೆ ಅಷ್ಟೊಂದು ಮಡಿ ಮಾಡುವ ಅತ್ತೆ ಎಡಗೈಯಲ್ಲಿ ಬಡಿಸುವುದೇ?

ಗಲಾಟೆ ಕೇಳಿ ಮೇಲಿನ ಮನೆಯ ಭೋಜರಾಜರೂ ಇಳಿದು ಬಂದರು. “ಕೊಂಜ, ಒಂಚೂರು, ಶಾಯಿ ಬಳೀರಿ ಸಾರ್. ಕೈ ಕತ್ತಲಲ್ಲಿದೆ ಅಂದ್ಕೋತಾರೆ.”

ಹೊಸದು ಒತ್ತೋಣವೆಂದರೆ ಪ್ರೆಸ್ ಇರುವುದು ಕ್ಲಾಸಿನಲ್ಲಿ, ಕ್ಲಾಸಿಗೆ ಬೀಗ. ಹರಿಹರ ಚೌಕಟ್ಟು ಬಿಚ್ಚಿ ಕುಂಚ ಹಿಡಿದ. ಕೈ ಮಾಯವಾಯಿತು, ಸೌಟು ಗಾಳಿಯಲ್ಲಿ ನಿಂತಿತು.

“ದೆವ್ವ ಬಡಿಸೋ ಹಾಗಿದೆ. ಸೌಟಿಗೂ ಬಳಿಯಪ್ಪ” ಅಂದರು ಲೀಲಮ್ಮ.

ಸೌಟು ಹೋಯಿತು. ಈಗ ಸಾರು ಎಲ್ಲಿಂದಲೋ ಸುರಿಯತೊಡಗಿತು. ಸಾರೂ ಹೋಯಿತು.

“ಬಿಸಿಲು ಸುಮ್ನೆ ಅರ್ಧಕ್ಕೆ ನಿಂತ್ಬಿಟ್ಟಿದೆಯಲ್ಲ ಸಾರ್” ಎಂದು ಭೋಜರಾಜರು ತಕರಾರು ತೆಗೆದರು. ಬಿಸಿಲೂ ಹೋಯಿತು. ಕರೆಂಟು ಹೋದ ಮನೆಯಂಥ ಕತ್ತಲಲ್ಲಿ ಅತ್ತೆಯ ಮುಖವೊಂದು ಉಳಿಯಿತು. ಹರಿಹರನಿಗೆ ಅಳುವೇ ಬಂತು.

ಚಿತ್ರ ಮತ್ತೆ ಗೋಡೆಗೇರುವಷ್ಟರಲ್ಲಿ ಅತ್ತೆ ಬಂದರು. ಚೀಲ ಕೆಳಗಿಟ್ಟವರೇ ಅದರ ಮುಂದೆ ನಿಂತರು.

“ಅಳಿಯಂದ್ರೇ, ಮುಖ ನಂದೇ. ಕೈ ಎಲ್ಲಿ?”

“ತಪ್ಪಿ ಎಡಗೈಲಿ ಬಡಿಸೋ ಹಾಗೆ ಬಂದ್ಬಿಟ್ಟಿತ್ತು ಅತ್ತೆ. ಅದಕ್ಕೇ ಮುಚ್ಚಿದೆ.”

ನಾಗರತ್ನಮ್ಮ ಅವನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು. “ನಿಮಗೆ ಹೇಗೆ ಗೊತ್ತಾಯ್ತು? ನಾನು ಎಡಚಿ. ಎಲ್ಲರ ಮುಂದೆ ಬಲಗೈ, ಒಬ್ಬಳೇ ಇದ್ರೆ ಎಡಗೈ. ಮದುವೆಯಾದಾಗಿಂದ ನಮ್ಮತ್ತೆಗೂ ಗೊತ್ತಾಗದ ಹಾಗೆ ನೋಡ್ಕೊಂಡಿದೀನಿ!”

ಹರಿಹರ ಹಿಗ್ಗಿಹೋದ. “ಹಾಗಾದ್ರೆ ಮೊದಲನೇದೇ ಸರಿ! ತಾಮ್ರದ ತಗಡು ಹಾಗೇ ಇದೆ, ನಾಳೆನೇ ಇನ್ನೊಂದು ಒತ್ತಿಕೊಡ್ತೀನಿ ಅತ್ತೆ!”

“ಶಿವನೇ, ಬೇಡಿ! ನಮ್ಮತ್ತೆ ಇನ್ನೂ ಗಟ್ಟಿಯಾಗಿದಾರೆ, ಕಣ್ಣೂ ಚೆನ್ನಾಗಿ ಕಾಣುತ್ತೆ. ಆ ತಗಡನ್ನ ಮೊದಲು ಸಮುದ್ರಕ್ಕೆ ಹಾಕಿ. ಊರಿಗೆ ಇದನ್ನೇ ತಗೊಂಡು ಹೋಗ್ತೀನಿ.”

ಹೊರಗೆ ಬಂದು ಎಲ್ಲರನ್ನೂ ನೋಡಿದರು. “ಇದಕ್ಕೆ ಮಸಿ ಬಳಿಯೋ ಬುದ್ಧಿ ಯಾರಿಗೆ ಹೊಳೀತು?”

“ನಂಗೇ ಅಮ್ಮ” ಎಂದು ಭೋಜರಾಜರು ಮುಂದೆ ಬಂದರು.

“ಎಂಥಾ ಜಾಣರಪ್ಪ ನೀವು!” ನಾಗರತ್ನಮ್ಮ ಬಾಯ್ತುಂಬ ಹೊಗಳಿದರು. “ಮನೆಗೆ ಅಳಿಯ ಅಂತ ಬಂದ್ರೆ ನಿಮ್ಮಂಥೋರು ಬರಬೇಕು!”

ಹರಿಹರ ಕುಂಚ ತೊಳೆಯಲು ಬಚ್ಚಲಿಗೆ ಹೋದ.