ವರ್ನಿಯರ್ ಹಿಡಿದು ಆರಿಸಿದ ಹುಂಜ

ಕೋಳಿ ಸಾಕಿದ ಮನೆಯಲ್ಲಿ ಯಜಮಾನನ ಮರ್ಯಾದೆ ವಾರಕ್ಕೊಮ್ಮೆಯಾದರೂ ಹೋಗುತ್ತದೆ. ನನ್ನದಂತೂ ಹುಂಜ ಆರಿಸುವುದರಲ್ಲೇ ಪೂರ್ತಿ ಹೋಯಿತು. ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಎರಕದ ಭಾಗಗಳನ್ನು ಅಳೆದು ಪಾಸು ಮಾಡುವುದು ನನ್ನ ಕೆಲಸ. ಗೋಪನಕೊಪ್ಪದ ನಮ್ಮ ಹಿತ್ತಲಲ್ಲಿ ಹೆಂಡತಿ ತವರಿನಿಂದ ತಂದ ಐದು ಹೇಂಟೆಗಳು, ಒಂದು ಹುಂಜ ಇದ್ದವು. ಹುಂಜ ಮಹಾ ಮುಂಗೋಪಿ. ಗ್ಯಾಸ್ ಸಿಲಿಂಡರ್ ತರುವವನು ಬೀದಿ ಮೂಲೆಯಲ್ಲೇ ನಿಂತು ಫೋನ್ ಮಾಡುತ್ತಿದ್ದ: “ಹುಂಜ ಒಳಗ ಹಾಕೀರೇನ್ರಿ?”

ಅದು ಮುದಿಯಾಗಿ ಸತ್ತ ದಿನ ಹೆಂಡತಿ ತೀರ್ಪು ಕೊಟ್ಟಳು: “ಈ ಸಲಾ ಸಾಧು ಹುಂಜ ತರ್ರಿ. ಅದರ ಮರಿನೂ ಮಂದಿಗೆ ಕುಕ್ಕಿದ್ರ ಗೂಡು ಕಿತ್ತು ಮಲ್ಲಿಗಿ ಬಳ್ಳಿ ಹಚ್ಚತೇನಿ.” ನನಗೋ ಆ ಕೋಳಿಗಳೆಂದರೆ ಜೀವ.

೧. ಅಳತೆ

ಲಕಮನಹಳ್ಳಿ ಕಡೆಯ ಒಬ್ಬ ಅಜ್ಜಿಯ ಹತ್ತಿರ ಒಳ್ಳೆಯ ಹುಂಜಗಳಿವೆಯೆಂದು ಕೇಳಿ, ಕಾರ್ಖಾನೆಯಲ್ಲಿ ದಪ್ಪ-ಉದ್ದ ಅಳೆಯುವ ವರ್ನಿಯರ್ ಹಿಡಿದುಕೊಂಡು ಹೋದೆ. ಕಾಲಿನ ದಪ್ಪ, ಬೆರಳಿನ ಉದ್ದ, ಜುಟ್ಟಿನ ಎತ್ತರ ಎಲ್ಲ ಚೀಟಿಯಲ್ಲಿ ಬರೆದುಕೊಂಡೆ. ಎಡಗಾಲಿಗೂ ಬಲಗಾಲಿಗೂ ಅರ್ಧ ಮಿಲಿಮೀಟರ್ ವ್ಯತ್ಯಾಸ ಬಂತೆಂದು ಮತ್ತೆ ಅಳೆಯತೊಡಗಿದಾಗ ಅಜ್ಜಿ ಕೇಳಿದಳು: “ಯಪ್ಪಾ, ಹುಂಜ ಒಯ್ಯಾಕ ಬಂದೀರೋ, ಅದಕ್ಕ ಬೂಟ್ ಹೊಲ್ಸಾಕ ಬಂದೀರೋ?”

೨. ವಂಶ

“ಸ್ವಭಾವ ಹೆಂಗೈತಿ ಅಜ್ಜಿ?” ಎಂದೆ.

“ಭಾಳ ಸಾಧು. ಇದರಪ್ಪನೂ ಸಾಧು ಇತ್ತು. ಕರದ್ರ ಸಾಕು, ಓಡಿ ಬರ್ತಿತ್ತು.”

ತಂದೆಯನ್ನೂ ನೋಡಿಬಿಟ್ಟರೆ ಅನುಮಾನವೇ ಇರುವುದಿಲ್ಲ ಎಂದುಕೊಂಡು “ಅದನ್ನೂ ತೋರಸ್ರಿ” ಎಂದೆ.

“ಎಲ್ಲಿಂದ ತೋರಸ್ಲಿ? ಹ್ವಾದ ತಿಂಗಳ ಅಳಿಯಾ ಬಂದಿದ್ದ. ಕರದ್ವಿ, ಬಂತು.”

೩. ಅಚ್ಚು

ಆ ಕೆಂಪು ಹುಂಜವನ್ನೇ ತಂದೆ. ಮೊಟ್ಟೆ ಒಡೆಯುವ ಮೊದಲೇ ಕಾರ್ಖಾನೆಯಲ್ಲಿ ಸಾರಿದ್ದೆ: ಹುಂಜವೇ ಅಚ್ಚು, ಮರಿಗಳೆಲ್ಲ ಹಾಗೇ ಕೆಂಪಗೆ ಬರುತ್ತವೆ. ಬಂದವು ಏಳು. ಮೂರು ಕಪ್ಪು, ಎರಡರ ಕುತ್ತಿಗೆ ಬೋಳು. ಇಡೀ ಲಾಟ್ ರಿಜೆಕ್ಟ್ ಆಯಿತೆಂದು ಊಟದ ಡಬ್ಬಿ ಮುಂದೆ ಸಪ್ಪೆ ಮುಖ ಹಾಕಿ ಕೂತಿದ್ದೆ. ಅಚ್ಚು ಮಾಡುವ ಹಿರಿಯ ಕಾಕಾ ರೊಟ್ಟಿ ಮುರಿಯುತ್ತ ಹೇಳಿದರು: “ಅಚ್ಚಿಗೆ ಮ್ಯಾಲೊಂದು ಪೆಟ್ಟಿಗಿ, ಕೆಳಗೊಂದು ಪೆಟ್ಟಿಗಿ ಇರ್ತಾವಲ್ರಿ? ನೀವು ಬರೇ ಒಂದ ಅಳದೀರಿ.”

ಸಂಜೆ ಹೋಗಿ ಹೇಂಟೆಗಳನ್ನು ನೋಡಿದೆ. ಒಂದರ ಕುತ್ತಿಗೆ ನನ್ನ ನೆತ್ತಿಯಷ್ಟೇ ಬೋಳು. ಎರಡು ವರ್ಷದಿಂದ ಅದಕ್ಕೆ ಕಾಳು ಹಾಕುತ್ತಿದ್ದವನು ನಾನೇ.

೪. ಮನೆತನ

ಹೊಸ ಹುಂಜ ನಿಜಕ್ಕೂ ಸಾಧು. ಬೆಕ್ಕು ಅದರ ಪಕ್ಕದಲ್ಲೇ ಮಲಗುತ್ತಿತ್ತು. ಆದರೆ ಕಪ್ಪು ಮರಿಯೊಂದು ಬೆಳೆದು ಹುಂಜವಾದ ವಾರ ಅತ್ತೆ ಬಂದರು. ಅದು ಹಾರಿ ಬಂದು ಅವರ ಹಿಮ್ಮಡಿಗೆ ಕುಕ್ಕಿತು. ಹೆಂಡತಿ ನೇರ ಗುದ್ದಲಿ ತಂದಳು. ನನಗೆ ಅಳುವುದೊಂದು ಬಾಕಿ. ಗಾಬರಿಯಲ್ಲಿ ಬಾಯಿಂದ ಸತ್ಯ ಜಾರಿತು: “ನಾ ತಂದ ಹುಂಜದ್ದು ತಪ್ಪಿಲ್ಲ. ಈ ಸಿಟ್ಟು ಹ್ಯಾಂಟಿ ಕಡಿಂದ ಬಂದೈತಿ.” ಹೇಂಟೆಗಳು ಯಾರ ಮನೆಯವೆಂದು ನೆನಪಾದದ್ದು ಆಮೇಲೆ.

ಅತ್ತೆ ಹಿಮ್ಮಡಿ ತಿಕ್ಕಿಕೊಳ್ಳುತ್ತ ಹುಂಜವನ್ನು ಮೇಲಿಂದ ಕೆಳಗೆ ನೋಡಿದರು. ಮುಖ ಅರಳಿತು. “ಖರೇ ಐತಿ. ನಮ್ಮ ಮನಿ ಕೋಳಿ ನಾಯಿಗೂ ಅಂಜಂಗಿಲ್ಲ. ಗುದ್ದಲಿ ಕೆಳಗಿಡವ್ವಾ, ಗೂಡು ಮುಟ್ಟಬ್ಯಾಡ. ನಮ್ಮ ಮನಿತನ ಉಳಿಸೈತಿ ಅದು.”

ಗೂಡು ಉಳಿಯಿತು. ಮೊನ್ನೆ ಅತ್ತೆಯ ಫೋನ್ ಬಂತು. ಬೀದಿ ಮೂಲೆಯಲ್ಲಿ ಸಿಲಿಂಡರಿನವನ ಪಕ್ಕದಲ್ಲೇ ನಿಂತಿದ್ದರಂತೆ.

“ಅಳಿಯಾರ, ಆ ನಮ್ಮ ಮನಿತನದಾಂವನ್ನ ಒಳಗ ಹಾಕ್ರಿ. ನಾವಿಬ್ರೂ ಬರಬೇಕು.”